ಫಾರ್ಮಿಂಗ್ ಸಿಮ್ಯುಲೇಟರ್: ಮಣ್ಣಿನ ಲೆಕ್ಕ ನೋಡಿದರೆ ಯಾವುದು ಮುಂದೆ?

ಬೇಸಾಯ ಮಾಡುವ ಕಂಪ್ಯೂಟರ್ ಆಟ ಫಾರ್ಮಿಂಗ್ ಸಿಮ್ಯುಲೇಟರ್ ಸರಣಿಯಲ್ಲಿ ಯಾವ ಆವೃತ್ತಿ ಎಲ್ಲಕ್ಕಿಂತ ಒಳ್ಳೆಯದು ಅಂತ ಕೇಳಿದರೆ ನನ್ನ ಉತ್ತರ 22. ಅದೂ ಪ್ರಿಸಿಶನ್ ಫಾರ್ಮಿಂಗ್ ಅನ್ನೋ ಉಚಿತ ಸೇರ್ಪಡೆ ಹಾಕಿಕೊಂಡ 22. ಅದಕ್ಕಿಂತ ಹೊಸದು 25 ಇದೆ. ನೋಡಲು ಇನ್ನೂ ಚೆಂದ, ಭತ್ತದ ಗದ್ದೆಯೂ ಇದೆ. ಆದರೂ ನಾನು 22 ಅಂತಲೇ ಹೇಳುತ್ತೇನೆ.

ನನ್ನ ಕೆಲಸ ಮಣ್ಣು ಪರೀಕ್ಷೆಯದು. ಜೊತೆಗೆ ರೈತರಿಗೆ ಮತ್ತು ಕೃಷಿ ಓದುವ ಮಕ್ಕಳಿಗೆ ಗೊಬ್ಬರದ ಲೆಕ್ಕ ಹೇಳಿಕೊಡುತ್ತೇನೆ. ಪಾಠಕ್ಕೆ ಈ ಆಟವನ್ನೂ ಬಳಸಿಕೊಳ್ಳುತ್ತೇನೆ. ಟ್ರ್ಯಾಕ್ಟರಿನ ಬಣ್ಣ, ಇಂಜಿನ್ನಿನ ಸದ್ದು ಇವನ್ನೆಲ್ಲ ಹೋಲಿಸಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ನೋಡುವುದು ಬೇರೆ. ರೈತ ತಲೆ ಕೆಡಿಸಿಕೊಳ್ಳುವ ವಿಷಯಕ್ಕೆ ಆಟಗಾರನೂ ತಲೆ ಕೆಡಿಸಿಕೊಳ್ಳಬೇಕಾಗುತ್ತದಾ? ಹದ ತಪ್ಪಿ ಬಿತ್ತಿದರೆ, ಮಣ್ಣು ನೋಡದೆ ಗೊಬ್ಬರ ಸುರಿದರೆ ನಷ್ಟ ಆಗುತ್ತದಾ? ಈ ಪ್ರಶ್ನೆ ಇಟ್ಟುಕೊಂಡು ನೋಡಿದಾಗ ಸರಣಿಯ ಒಂದೊಂದು ಆವೃತ್ತಿಗೂ ಸಿಗುವ ಅಂಕ ಬೇರೆಯೇ ಆಗುತ್ತದೆ.

ಇದನ್ನು ಮಾಡುವುದು ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್. ಮೊದಲ ಆಟ ಬಂದಿದ್ದು 2008ರಲ್ಲಿ. ಆರಂಭದ ಆವೃತ್ತಿಗಳಲ್ಲಿ ಉಳು, ಬಿತ್ತು, ಕೊಯ್ಯಿ, ಮಾರು, ಅಷ್ಟೇ. ಮುಂದೆ 15ರಲ್ಲಿ ಮರ ಕಡಿದು ಸಾಗಿಸುವ ಕೆಲಸ ಸೇರಿತು. ಮಣ್ಣಿನ ವಿಷಯದಲ್ಲಿ ಇವುಗಳಿಂದ ಕಲಿಯುವುದು ಕಡಿಮೆ. ಈಗ ಹೊಸದಾಗಿ ಶುರು ಮಾಡುವವರು 17ಕ್ಕಿಂತ ಹಿಂದೆ ಹೋಗುವುದು ಬೇಡ.

17ರಲ್ಲಿ ನನಗೆ ಇಷ್ಟವಾದದ್ದು ಕಬ್ಬು. 2017ರಲ್ಲಿ ಬಂದ ಅದರ ಪ್ಲಾಟಿನಂ ಆವೃತ್ತಿಯಲ್ಲಿ ದಕ್ಷಿಣ ಅಮೆರಿಕದ ಒಂದು ನಕ್ಷೆ ಬಂತು, ಅದರ ಜೊತೆಗೆ ಕಬ್ಬೂ ಬಂತು. ಒಮ್ಮೆ ನೆಟ್ಟು ಕಟಾವು ಮಾಡಿದರೆ ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ಮಂಡ್ಯ, ಬೆಳಗಾವಿ ಕಡೆಯವರಿಗೆ ಕೂಳೆ ಕಬ್ಬು ಅಂದರೆ ಸಾಕು, ಬೇರೆ ವಿವರ ಬೇಡ. ಆದರೆ ನಿಜವಾದ ಕೂಳೆ ಬೆಳೆಯಲ್ಲಿ ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಯುತ್ತದೆ. ಬುಡ ಸವರಬೇಕು, ಸಾಲು ಖಾಲಿ ಬಿದ್ದಲ್ಲಿ ಸಸಿ ತುಂಬಬೇಕು, ಸಾರಜನಕ ಜಾಸ್ತಿ ಕೊಡಬೇಕು. ಆಟದಲ್ಲಿ ಈ ಯಾವ ಚಿಂತೆಯೂ ಇಲ್ಲ.

ಮಣ್ಣಿನ ಪಾಠ ನಿಜವಾಗಿ ಶುರುವಾಗುವುದು 2018ರ ಕೊನೆಗೆ ಬಂದ 19ರಲ್ಲಿ. ಜಾನ್ ಡಿಯರ್ ಟ್ರ್ಯಾಕ್ಟರ್ ಮೊದಲ ಸಲ ಸರಣಿಗೆ ಬಂತು ಅಂತ ಆಗ ಎಲ್ಲರೂ ಅದನ್ನೇ ಮಾತಾಡಿದರು. ನನಗೆ ದೊಡ್ಡದಾಗಿ ಕಂಡಿದ್ದು ಎರಡು ಬೇರೆ ಸೇರ್ಪಡೆ: ಕಳೆ ಮತ್ತು ಸುಣ್ಣ. ಕಳೆ ಚಿಕ್ಕದಿರುವಾಗಲೇ ಹೋದರೆ ಕೀಳುವ ಉಪಕರಣ ಸಾಕು. ತಡ ಮಾಡಿದರೆ ಕಳೆನಾಶಕವೇ ಗತಿ. ಸುಣ್ಣವನ್ನು ಮೂರು ಕೊಯ್ಲಿಗೊಮ್ಮೆ ಹಾಕಬೇಕು, ಇಲ್ಲದಿದ್ದರೆ ಇಳುವರಿ ಕುಸಿಯುತ್ತದೆ.

ಈ ಸುಣ್ಣದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಡೆಯ ಆಟಗಾರರು ತಪ್ಪು ತಿಳಿಯುವ ಜಾಗ ಇದೇ. ಆಟದ ಹೆಚ್ಚಿನ ಹೊಲಗಳು ಯುರೋಪ್ ಅಥವಾ ಅಮೆರಿಕದ ಮಾದರಿಯವು. ಮಳೆ ಚೆನ್ನಾಗಿ ಬೀಳುವ ಕಡೆ ನೀರಿನ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೆಳಕ್ಕೆ ಇಳಿದು ಹೋಗುತ್ತವೆ. ಅಮೋನಿಯಂ ರೂಪದ ಗೊಬ್ಬರ ಮಣ್ಣಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ನೀವು ಹಾಕಿದ ಡಿಎಪಿ ಗೊಬ್ಬರದ ರಂಜಕದಲ್ಲಿ ಬಹುಪಾಲು ಬೇರಿಗೆ ಸಿಗುವುದಿಲ್ಲ. ಆಗ ಸುಣ್ಣ ಬೇಕು. ನಮ್ಮ ಮಲೆನಾಡು, ಕರಾವಳಿಯಲ್ಲೂ ಇದೇ ಕಥೆ, ಅಲ್ಲಿ ಆಟದ ನಿಯಮ ಒಪ್ಪುತ್ತದೆ. ಆದರೆ ವಿಜಯಪುರದ ಎರೆಭೂಮಿಗೆ ಇದನ್ನು ಒಯ್ಯಬೇಡಿ. ಅಲ್ಲಿನ ಮಣ್ಣಲ್ಲಿ ಸುಣ್ಣದ ಅಂಶ ಮೊದಲೇ ಇದೆ. ಮತ್ತೆ ಸುಣ್ಣ ಹಾಕಿದರೆ ಸತು, ಕಬ್ಬಿಣದ ಕೊರತೆ ಇನ್ನೂ ಹೆಚ್ಚುತ್ತದೆ. ಕ್ಷಾರ ಏರಿ ಚೌಳು ಬಂದ ಜಾಗಕ್ಕೆ ಬೇಕಾದ್ದು ಜಿಪ್ಸಂ. ಆಟದಲ್ಲಿ ಕಲಿತ ನಿಯಮದ ಹಿಂದಿನ ಕಾರಣ ಗೊತ್ತಿದ್ದರೆ ಮಾತ್ರ ಅದು ಹೊಲದಲ್ಲಿ ಉಪಯೋಗಕ್ಕೆ ಬರುತ್ತದೆ.

22 ಬಂದಿದ್ದು 2021ರ ನವೆಂಬರ್ 22ಕ್ಕೆ. ಅಲ್ಲಿಯವರೆಗೆ ಮೂಲ ಆಟದಲ್ಲಿ ಯಾವ ಬೆಳೆಯನ್ನಾದರೂ ಯಾವಾಗ ಬೇಕಾದರೂ ಬಿತ್ತಬಹುದಿತ್ತು. ಋತು ಬೇಕೆಂದವರು ಅಭಿಮಾನಿಗಳೇ ಮಾಡಿದ ಸೀಸನ್ಸ್ ಅನ್ನೋ ಸೇರ್ಪಡೆ (ಮಾಡ್) ಹಾಕಿಕೊಳ್ಳುತ್ತಿದ್ದರು. 22ರಲ್ಲಿ ಋತು ಆಟದ ಒಳಗೇ ಬಂತು. ಗೋಧಿ ಬಿತ್ತಬೇಕಾದ್ದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಕೊಯ್ಲು ಯುರೋಪಿನ ಮುಂದಿನ ಬೇಸಿಗೆಗೆ. ಮೆಕ್ಕೆಜೋಳಕ್ಕೆ ಏಪ್ರಿಲ್, ಮೇ. ತಿಂಗಳು ದಾಟಿದರೆ ಬೀಜ ಚೀಲದಲ್ಲೇ ಉಳಿಯುತ್ತದೆ, ಅಷ್ಟೇ. ಕೊಯ್ಲು ತಡವಾದರೆ ಬೆಳೆ ಒಣಗಿ ಹಾಳಾಗುತ್ತದೆ, ಮಳೆ ಬೀಳುತ್ತಿದ್ದರೆ ಕೊಯ್ಲು ಯಂತ್ರ ಇಳಿಸುವಂತಿಲ್ಲ.

ಇದೊಂದೇ ಬದಲಾವಣೆಯಿಂದ ಇಡೀ ಆಟದ ಸ್ವಭಾವ ಬದಲಾಯಿತು. ಮೊದಲು ದೊಡ್ಡ ಯಂತ್ರ ಕೊಳ್ಳುವುದು ಆಸೆಯ ವಿಷಯ ಆಗಿತ್ತು. ಈಗ ಅದಕ್ಕೊಂದು ಲೆಕ್ಕ ಬಂತು: ಈ ತಿಂಗಳೊಳಗೆ ಇಷ್ಟು ಹೊಲ ಬಿತ್ತಲು ಈ ಕೂರಿಗೆ ಸಾಕಾಗುತ್ತದಾ? ಬೆಲೆಯೂ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಸುಗ್ಗಿಯಲ್ಲಿ ಎಲ್ಲರ ಕಾಳೂ ಒಟ್ಟಿಗೆ ಬಂದಾಗ ದರ ಕಮ್ಮಿ. ಗೋದಾಮು ಕಟ್ಟಿಸಿ ಕಾಯುವವರಿಗೆ ಲಾಭ ಜಾಸ್ತಿ. ಆದರೆ ಕಾಯಬೇಕಾದರೆ ಕೈಯಲ್ಲಿ ದುಡ್ಡಿರಬೇಕು, ಸಾಲದ ಬಡ್ಡಿ ಓಡುತ್ತಿರಬಾರದು. ಅಡಿಕೆ, ಮೆಣಸಿನಕಾಯಿ, ಈರುಳ್ಳಿ ಬೆಳೆಯುವವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಪಟ್ಟಣದಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಮಾತ್ರ ಎಷ್ಟು ಹೇಳಿದರೂ ಪೂರ್ತಿ ಅರ್ಥ ಆಗುತ್ತಿರಲಿಲ್ಲ. ಆಟದಲ್ಲಿ ಒಂದು ವರ್ಷ ಕಳೆದ ಮೇಲೆ ಅವರು ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ. ನನಗೆ ಇದು ತುಂಬಾ ದೊಡ್ಡ ವಿಷಯ.

ಇಳುವರಿಯ ಲೆಕ್ಕವೂ 22ರಲ್ಲಿ ಸ್ಪಷ್ಟವಾಗಿದೆ. ಮೂಲ ಇಳುವರಿಯ ಮೇಲೆ ಗೊಬ್ಬರಕ್ಕೆ ಶೇ. 45, ಕಳೆ ಇಲ್ಲದಿದ್ದರೆ ಶೇ. 20, ಉಳುಮೆಗೆ 15, ಸುಣ್ಣಕ್ಕೆ 15, ಉಳಿದ 5 ಮಲ್ಚಿಂಗ್ (ಕೊಯ್ಲಾದ ಮೇಲೆ ಕೂಳೆ ಪುಡಿ ಮಾಡುವುದು) ಮತ್ತು ಮಣ್ಣು ಒತ್ತುವ ರೋಲರ್ ಕೆಲಸಕ್ಕೆ. ಅಂದರೆ ಏನೂ ಆರೈಕೆ ಕಾಣದ ಹೊಲ, ಪೂರ್ತಿ ಆರೈಕೆಯ ಹೊಲದ ಅರ್ಧ ಬೆಳೆಯುತ್ತದೆ. ಕಲಿಯುವವರಿಗೆ ಇದು ಅನುಕೂಲ. ಆದರೆ ಇಲ್ಲೊಂದು ದೋಷ ಇದೆ. ನಿಜವಾದ ಹೊಲದಲ್ಲಿ ಈ ಅಂಶಗಳು ಹೀಗೆ ಒಂದರ ಮೇಲೊಂದು ಕೂಡುವುದಿಲ್ಲ. ಯಾವುದು ಎಲ್ಲಕ್ಕಿಂತ ಕಮ್ಮಿ ಇದೆಯೋ ಅದೇ ಇಳುವರಿಯನ್ನು ತಡೆದು ನಿಲ್ಲಿಸುತ್ತದೆ. 19ನೇ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಈ ಮಾತನ್ನು ಎಲ್ಲೆಡೆ ಹರಡಿದರು. ಹುಳಿ ಮಣ್ಣನ್ನು ಸರಿ ಮಾಡದೆ ಎಷ್ಟೇ ಗೊಬ್ಬರ ಹಾಕಿದರೂ ಅದರಲ್ಲಿ ಬಹುಪಾಲು ದಂಡ. ಆಟ ಮಾತ್ರ ಆ 45ನ್ನು ಪೂರ್ತಿ ಕೊಟ್ಟುಬಿಡುತ್ತದೆ.

ಈ ದೋಷವನ್ನು ಬಹಳ ಮಟ್ಟಿಗೆ ತುಂಬಿಕೊಡುವುದು ಪ್ರಿಸಿಶನ್ ಫಾರ್ಮಿಂಗ್. ಯುರೋಪಿನ ಇಐಟಿ ಫುಡ್ ಸಂಸ್ಥೆಯ ಬೆಂಬಲದಲ್ಲಿ, ಜಾನ್ ಡಿಯರ್ ಜೊತೆ ಸೇರಿ ಮಾಡಿದ ಸೇರ್ಪಡೆ ಇದು. ಮೊದಲು 2020ರಲ್ಲಿ 19ಕ್ಕೆ, ಆಮೇಲೆ 2022ರಲ್ಲಿ 22ಕ್ಕೆ ಬಂತು. ಇದನ್ನು ಹಾಕಿದ ಕೂಡಲೇ ಹೊಲ ಒಂದೇ ಸಮ ಇರುವುದಿಲ್ಲ. ಮರಳು ಜಾಸ್ತಿ ಇರುವ ಮಣ್ಣಿನಿಂದ ಜೇಡಿ ಮಣ್ಣಿನವರೆಗೆ ನಾಲ್ಕು ಬಗೆ ಕಾಣುತ್ತವೆ. ಒಂದೇ ಹೊಲದಲ್ಲಿ ಎರಡು ಮೂರು ಬಗೆ ಇರಬಹುದು. ಯಾವುದು ಎಲ್ಲಿದೆ ಅಂತ ತಿಳಿಯಲು ಮಣ್ಣಿನ ಮಾದರಿ ತೆಗೆಯಬೇಕು, ದುಡ್ಡು ಕೊಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಆಮೇಲೆ ಮಣ್ಣಿನ ಬಗೆ, ರಸಸಾರ (ಹುಳಿ, ಕ್ಷಾರದ ಅಳತೆ) ಎಲ್ಲ ನಕ್ಷೆಯಲ್ಲಿ ಬರುತ್ತವೆ. ಮಣ್ಣು ಮತ್ತು ಬೆಳೆ ನೋಡಿಕೊಂಡು ಸಾರಜನಕ ಎಷ್ಟು ಬೇಕು ಅನ್ನೋದು ಬದಲಾಗುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಹಾಕಿದರೆ ದುಡ್ಡೂ ಹಾಳು, ಪರಿಸರದ ಅಂಕವೂ ಇಳಿಯುತ್ತದೆ. ಕೊಯ್ಲಾದ ಮೇಲೆ ಇಳುವರಿಯ ನಕ್ಷೆ ನೋಡಿ ಯಾವ ಮೂಲೆ ಸೋತಿತು ಅಂತ ಹುಡುಕಬಹುದು.

ಇದನ್ನು ಆಡಿಸಿದ ಮರುದಿನ ವಿದ್ಯಾರ್ಥಿಗಳನ್ನು ಹೊಲಕ್ಕೆ ಕರೆದೊಯ್ದರೆ ಕೆಲಸ ಎಷ್ಟು ಸುಲಭ ಆಗುತ್ತದೆ ಗೊತ್ತಾ? ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಹತ್ತು ಹದಿನೈದು ಕಡೆ ಇಂಗ್ಲಿಷಿನ ವಿ ಆಕಾರದ ಗುಂಡಿ ತೋಡಬೇಕು. ಸುಮಾರು 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು ಬೆರೆಸಬೇಕು. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತಾ ಹೋಗಿ, ಕೊನೆಗೆ ಅರ್ಧ ಕೆ.ಜಿ. ಉಳಿಸಿಕೊಳ್ಳಬೇಕು. ಬದು, ಗೊಬ್ಬರದ ಗುಂಡಿ, ಮರದ ನೆರಳು, ಇಲ್ಲಿಂದ ಮಾದರಿ ತೆಗೆಯಬಾರದು. ಯಾಕಿಷ್ಟು ಕಷ್ಟ ಅಂತ ಮೊದಲು ಕೇಳುತ್ತಿದ್ದರು. ಒಂದೇ ಹೊಲದಲ್ಲಿ ಮಣ್ಣು ಬದಲಾಗುತ್ತದೆ ಅನ್ನೋದನ್ನು ನಕ್ಷೆಯಲ್ಲಿ ಕಣ್ಣಾರೆ ನೋಡಿದವರು ಆ ಪ್ರಶ್ನೆ ಕೇಳುವುದಿಲ್ಲ. ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರಲ್ಲೇ ಶುರುವಾಯಿತು, 12 ಅಂಶಗಳ ವಿವರ ಅದರಲ್ಲಿ ಇರುತ್ತದೆ. ಕಾರ್ಡ್ ಕೈಗೆ ಬಂದ ಮೇಲೂ ಅದನ್ನು ಓದಿ ಗೊಬ್ಬರ ಕೊಳ್ಳುವ ಅಭ್ಯಾಸ ಬೆಳೆಸುವುದೇ ಕಷ್ಟದ ಕೆಲಸ. ಆ ಅಭ್ಯಾಸಕ್ಕೆ ಈ ಆಟ ಸಹಾಯ ಮಾಡುತ್ತದೆ ಅನ್ನೋದು ನನ್ನ ಗಟ್ಟಿ ನಂಬಿಕೆ.

ಇನ್ನು 25. 2024ರ ನವೆಂಬರಿನಲ್ಲಿ ಬಂತು. ಹುಟಾನ್ ಪಂಟಾಯ್ ಅನ್ನೋ ಏಷ್ಯಾದ ನಕ್ಷೆ, ಎಮ್ಮೆ, ಆಡು, ಎರಡು ಬಗೆಯ ಭತ್ತ. ನಮ್ಮವರಿಗೆ ಖುಷಿ ಕೊಡುವ ಪಟ್ಟಿ ಇದು. ಗಿಡ್ಡ ಕಾಳಿನ ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಿಸಿ ಸಸಿ ನಾಟಿ ಮಾಡಬೇಕು. ಉದ್ದ ಕಾಳಿನದನ್ನು ಒಣ ಹೊಲದಲ್ಲಿ ಕೂರಿಗೆಯಿಂದ ಬಿತ್ತಬಹುದು. ಧಾರವಾಡ, ಖಾನಾಪುರ, ಹಳಿಯಾಳ ಕಡೆ ಕೂರಿಗೆ ಭತ್ತ ಹಳೆಯ ಪದ್ಧತಿ. ತುಂಗಭದ್ರಾ ನಾಲೆಯ ಕೆಳಗೂ ನೇರ ಬಿತ್ತನೆ ಮಾಡುವವರಿದ್ದಾರೆ. ಎರಡನ್ನೂ ಪಕ್ಕಪಕ್ಕ ಮಾಡಿ ನೋಡುವ ಅವಕಾಶ ಆಟ ಕೊಟ್ಟಿದೆ, ಅದು ಒಳ್ಳೆಯದು. ಆದರೆ ಗದ್ದೆಯ ಜೀವಾಳ ಕೆಸರು ಕಲಸುವುದರಲ್ಲಿದೆ. ಆ ಕೆಸರಿನಿಂದಲೇ ನೀರು ಕೆಳಕ್ಕೆ ಇಂಗದೆ ನಿಲ್ಲುತ್ತದೆ, ಕಳೆಯೂ ಹತೋಟಿಗೆ ಬರುತ್ತದೆ. ಆಟದಲ್ಲಿ ಪಂಪಿನಿಂದ ನೀರು ತುಂಬಿಸಿದರೆ ಮುಗಿಯಿತು. ಗಾಲಿ ಹಾದಲ್ಲಿ ಮಣ್ಣು ಕುಸಿದು ಹಳ್ಳ ಬೀಳುವುದು 25ರ ಇನ್ನೊಂದು ಹೊಸತು, ನೋಡಲು ನಿಜದಂತೆಯೇ ಇದೆ. ಆದರೆ ಭಾರದ ಯಂತ್ರ ಓಡಾಡಿದ ಮಣ್ಣು ಬಿಗಿದು ಬೇರು ಇಳಿಯದೆ ಹೋಗುವುದು ಮೂಲ ಆಟದ ಇಳುವರಿಯಲ್ಲಿ ಕಾಣಿಸುವುದಿಲ್ಲ. ಹಾಗಾಗಿ 25 ನಮಗೆ ಹತ್ತಿರದ್ದು ಅಂತ ಒಪ್ಪುತ್ತೇನೆ, ಆಳದಲ್ಲಿ 22ನ್ನು ದಾಟಿದೆ ಅಂತ ಒಪ್ಪುವುದಿಲ್ಲ.

ಎರಡರಲ್ಲೂ ಇಲ್ಲದ್ದು ಬೆಳೆ ಪರಿವರ್ತನೆ. ಅದೇ ಹೊಲದಲ್ಲಿ ವರ್ಷ ವರ್ಷವೂ ಗೋಧಿಯನ್ನೇ ಹಾಕಿದರೂ ಮೂಲ ಆಟ ಏನೂ ಅನ್ನುವುದಿಲ್ಲ. ದ್ವಿದಳ ಬೆಳೆದ ಹೊಲಕ್ಕೆ ಮುಂದಿನ ಬೆಳೆಯಲ್ಲಿ ಲಾಭವೂ ಇಲ್ಲ. ರೋಗ, ಕೀಟ ಇಲ್ಲ. ಮಳೆ ಕೈಕೊಟ್ಟು ಬೆಳೆ ಒಣಗುವ ಭಯ ಇಲ್ಲ. ಕರ್ನಾಟಕದ ಸಾಗುವಳಿ ಭೂಮಿಯಲ್ಲಿ ಹೆಚ್ಚಿನದು ಮಳೆಯನ್ನೇ ನಂಬಿದ್ದು. ಆಟ ಆಡಿ ಬೇಸಾಯ ಸುಲಭ ಅಂದುಕೊಳ್ಳುವ ಅಪಾಯ ಇರುವುದು ಇಲ್ಲೇ. ಮಕ್ಕಳಿಗೆ ಆಡಿಸುವ ಪೋಷಕರು, ಶಿಕ್ಷಕರು ಇದನ್ನು ಬಾಯಿಬಿಟ್ಟು ಹೇಳಬೇಕು.

ಶುರು ಮಾಡುವವರಿಗೆ ಇಷ್ಟು ಹೇಳುತ್ತೇನೆ. ಕಂಪ್ಯೂಟರ್ ಹಳೆಯದಾದರೆ 19 ಸಾಕು, ಅದಕ್ಕೂ ಪ್ರಿಸಿಶನ್ ಫಾರ್ಮಿಂಗ್ ಸಿಗುತ್ತದೆ. ಮೊಬೈಲ್ ಮಾತ್ರ ಇದ್ದರೆ, ಅದಕ್ಕೆ ಸಿಗುವ ಆವೃತ್ತಿಗಳಲ್ಲಿ 20ಕ್ಕಿಂತ 23 ವಾಸಿ, ಅದರಲ್ಲಿ ಉಳುಮೆ, ಕಳೆ ಕೆಲಸ ಎರಡೂ ಇವೆ. 22 ಹಾಕಿದವರು ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಋತುಮಾನದ ಬೆಳವಣಿಗೆ, ಸುಣ್ಣ, ಉಳುಮೆ, ಕಳೆ ನಾಲ್ಕನ್ನೂ ಆನ್ ಮಾಡಿ. ತಿಂಗಳಿಗೆ ಒಂದೇ ದಿನ ಅಂತ ಇರುತ್ತದೆ, ಅದನ್ನು ಮೂರಕ್ಕೆ ಏರಿಸಿ. ಆಗ ಕೆಲಸಕ್ಕೆ ಸಮಯ ಸಿಗುತ್ತದೆ, ಅವಸರಕ್ಕೆ ಬಿದ್ದು ಎಲ್ಲವನ್ನೂ ಕೂಲಿ ಡ್ರೈವರಿಗೆ ಬಿಡುವುದು ತಪ್ಪುತ್ತದೆ. ಮೊದಲ ವರ್ಷ ಒಂದೇ ಹೊಲ ಇಟ್ಟುಕೊಳ್ಳಿ, ಗೋಧಿ ಹಾಕಿ. ಹೊಸ ಟ್ರ್ಯಾಕ್ಟರ್ ಕೊಳ್ಳುವ ಮೊದಲು ಆ ಹೊಲದ ಮಣ್ಣಿನ ಮಾದರಿ ತೆಗೆಸಿ.