ಚರ್ಮದೊಳಗಿನ ಕಂಬಳಿ

ಕುಷ್ಟಗಿ ಕಡೆ ಕುರಿಗಳಿಗೆ ಲಸಿಕೆ ಹಾಕಲು ಹೋಗಿದ್ದೆ. ಮೊಮ್ಮಗನ ಮೊಬೈಲಿನಲ್ಲಿ ತಿಮಿಂಗಿಲ ನೋಡಿದ್ದ ಅಜ್ಜ ಕೇಳಿದರು, 'ಸಾಹೇಬ್ರ, ಮೈಮ್ಯಾಲ ಉಣ್ಣೆ ಇಲ್ಲ, ಹಿಮದ ನೀರಾಗ ಅದಕ್ಕ ಥಂಡಿ ಆಗಂಗಿಲ್ಲೇನ್ರಿ?'

ನಾನು ದನದ ಡಾಕ್ಟರ್, ತಿಮಿಂಗಿಲ ಮುಟ್ಟಿದವನಲ್ಲ. ಆದರೂ ಅಜ್ಜನ ಹೆಗಲ ಮೇಲಿದ್ದ ಕಂಬಳಿಯಿಂದಲೇ ಶುರು ಮಾಡಿದೆ. ಕಂಬಳಿ ಬೆಚ್ಚಗಿರುವುದು ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಆಳದ ನೀರಿನ ಒತ್ತಡಕ್ಕೆ ಆ ಗಾಳಿ ಉಳಿಯಲ್ಲ, ಮೇಲಾಗಿ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆದುಕೊಳ್ಳುತ್ತದೆ. ಅದಕ್ಕೇ ತಿಮಿಂಗಿಲ, ಸೀಲ್‌ನಂಥ ಕಡಲ ಪ್ರಾಣಿಗಳು ಕಂಬಳಿಯನ್ನು ಚರ್ಮದ ಒಳಗೇ ಹೊದ್ದಿವೆ. ಅದೇ ಬ್ಲಬ್ಬರ್, ದಪ್ಪನೆ ಕೊಬ್ಬಿನ ಪದರ. ಬೋಹೆಡ್ ತಿಮಿಂಗಿಲದಲ್ಲಿ 50 ಸೆಂ.ಮೀ.ವರೆಗೂ ದಪ್ಪ, ಒಂದು ಮೊಳಕ್ಕಿಂತ ಜಾಸ್ತಿ.

ಕುರಿ ಕೊಯ್ದಾಗ ಸಿಗುವ ಮೆತ್ತನೆ ಕೊಬ್ಬು ಅಂದುಕೊಳ್ಳಬೇಡಿ. ಇದರಲ್ಲಿ ಕೊಲಾಜನ್ ನಾರು ಬಲೆಯಂತೆ ಹೆಣೆದುಕೊಂಡಿರುತ್ತದೆ, ರಕ್ತನಾಳಗಳೂ ಇವೆ. ಚಳಿಗೆ ನಾಳ ಮುದುಡಿ ಶಾಖ ಉಳಿಸುತ್ತದೆ, ಸೆಕೆಗೆ ಹಿಗ್ಗಿ ಹೊರಬಿಡುತ್ತದೆ. ಆದರೆ ದಡಕ್ಕೆ ಬಿದ್ದ ತಿಮಿಂಗಿಲಕ್ಕೆ ಇದಿಷ್ಟು ಸಾಲಲ್ಲ, ತನ್ನ ಕಂಬಳಿಯೊಳಗೇ ಬೇಯುತ್ತದೆ. ಮೇ ಬಿಸಿಲಲ್ಲಿ ಕೆರೆ ಸಿಗದ ಎಮ್ಮೆ ಏದುಸಿರು ಬಿಡುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಬ್ಲಬ್ಬರ್ ಹಗೇವೂ ಹೌದು. ಹಿಂದೆ ಜೋಳ ತುಂಬಿಡುತ್ತಿದ್ದಂತೆ ಇಲ್ಲಿ ಕೊಬ್ಬು ತುಂಬಿಡುವುದು. ಹುಡೆಡ್ ಸೀಲ್ ಮರಿಗೆ ಹಾಲು ಬರೀ 4 ದಿನ. ಆ ಹಾಲಿನಲ್ಲಿ ಫ್ಯಾಟ್ ಸುಮಾರು ಶೇ. 60! ನಮ್ಮ ಎಮ್ಮೆಯದು 7 ಬಂದರೆ ಡೇರಿಯಲ್ಲಿ ಖುಷಿ. ಆ 4 ದಿನದಲ್ಲೇ ಸೀಲ್ ಮರಿಯ ತೂಕ ಹೆಚ್ಚುಕಡಿಮೆ ಇಮ್ಮಡಿ, ಆಮೇಲೆ ವಾರಗಟ್ಟಲೆ ಉಪವಾಸ. ಅಜ್ಜ ಲೆಕ್ಕ ಹಾಕಿದ್ದೇ ಬೇರೆ: 'ಹಂಗಾರ ಲೀಟರ್‌ಗೆ ಎಷ್ಟ್ ಕೊಡ್ತಾರ್ರಿ?'

ಮನುಷ್ಯ ಸುಮ್ನೆ ಬಿಡ್ತಾನಾ? ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಚರ್ಮದ ಸಮೇತ ಈ ಕೊಬ್ಬು ತಿನ್ನುತ್ತಾರೆ, ಮಕ್ತಕ್ ಅಂತ ಹೆಸರು. ತರಕಾರಿ ಬೆಳೆಯದ ಆ ನಾಡಲ್ಲಿ ವಿಟಮಿನ್ ಸಿ ಸಿಗುವುದು ಆ ಚರ್ಮದಿಂದಲೂ. ಹಿಂದೆ ಸೀಲ್ ಎಣ್ಣೆಯ ಕಲ್ಲಿನ ಹಣತೆಯೇ ಅವರ ದೀಪ, ಅದೇ ಒಲೆ ಆಗಿತ್ತು. ಅದು ಹೊಟ್ಟೆಪಾಡು, ನನ್ನ ತಕರಾರಿಲ್ಲ. ಯುರೋಪ್, ಅಮೆರಿಕದವರದು ವ್ಯಾಪಾರ: ಕರಗಿಸಿ ದೀಪದೆಣ್ಣೆ, ಸಾಬೂನು, ಆಮೇಲೆ ಮಾರ್ಗರಿನ್. ತಿಮಿಂಗಿಲಗಳು ಮುಗಿಯುತ್ತ ಬಂದವು. 1986ರಿಂದ ವ್ಯಾಪಾರದ ಬೇಟೆಗೆ ಅಂತರರಾಷ್ಟ್ರೀಯ ತಡೆ ಇದೆ.

ಈಗ ಹಗೇವಿಗೆ ವಿಷವೂ ಸೇರುತ್ತಿದೆ. ಪಿಸಿಬಿಯಂಥ ಕಾರ್ಖಾನೆ ರಾಸಾಯನಿಕಗಳು ಕೊಬ್ಬಿನಲ್ಲಿ ಕರಗಿ ಕೂಡುತ್ತವೆ, ತಾಯಿಯ ಹಾಲಿನ ಜೊತೆ ಮರಿಗಿಳಿಯುತ್ತವೆ. ಡಾಲ್ಫಿನ್‌ಗಳಲ್ಲಿ ಚೊಚ್ಚಲ ಮರಿಗೇ ಜಾಸ್ತಿ. ಡಿಡಿಟಿಯಂಥ ಕೀಟನಾಶಕ ಎಮ್ಮೆ ಹಾಲಿಗೆ ಬರುವುದೂ ಇದೇ ದಾರಿಯಲ್ಲಿ, ಹಾಲಿಗಿಂತ ಬೆಣ್ಣೆಯಲ್ಲಿ ಹೆಚ್ಚು.