ನಾಟಿ ಟೊಮೆಟೊ ಅಂದರೆ ದೇಸಿ ಬೀಜದ್ದೇ?

ಪ್ರಶ್ನೆ: ಕೋಲಾರದ ಸಂತೆಯಲ್ಲಿ ಹತ್ತು ರೂಪಾಯಿ ಜಾಸ್ತಿ ಕೊಟ್ಟು ನಾಟಿ ಟೊಮೆಟೊ ತರುತ್ತೇವೆ. ಅದು ನಮ್ಮ ಹಳೇ ಬೀಜದ್ದು, ಔಷಧಿ ಹೊಡೆಯದ್ದು ತಾನೇ?

ಉತ್ತರ: ಎರಡೂ ಆಗಿರಲೇಬೇಕೆಂದಿಲ್ಲ. ಈ ಪ್ರಶ್ನೆಗೆ ಒಂದು ಸಾಲಿನ ಉತ್ತರ ಎಷ್ಟು ಸಲ ಕೊಟ್ಟರೂ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಉದ್ದಕ್ಕೇ ಬರೆಯುತ್ತೇನೆ.

ಸಂತೆಯಲ್ಲಿ ‘ನಾಟಿ’ ಅನ್ನುವುದು ಹಣ್ಣಿನ ರೂಪ ನೋಡಿ ಕರೆಯುವ ಹೆಸರು, ಬೀಜದ ಜಾತಕ ನೋಡಿ ಅಲ್ಲ. ಚಪ್ಪಟೆ ಗುಂಡು, ತೊಟ್ಟಿನ ಸುತ್ತ ಹಸಿರು, ತೆಳು ಸಿಪ್ಪೆ, ಹುಳಿ ರಸ ಇದ್ದರೆ ನಾಟಿ. ಮೊಟ್ಟೆಯಾಕಾರ, ಗಟ್ಟಿ ಮೈ, ದಪ್ಪ ತಿರುಳು ಇದ್ದರೆ ಹೈಬ್ರಿಡ್. ಅಡ್ಡಕ್ಕೆ ಕೊಯ್ದರೆ ಹೈಬ್ರಿಡ್ಡಿನಲ್ಲಿ ಸಾಮಾನ್ಯವಾಗಿ ಎರಡು ಮೂರು ಕೋಣೆ. ನಾಟಿಯಲ್ಲಿ ಅದಕ್ಕಿಂತ ಹೆಚ್ಚು, ತುಂಬ ಲೋಳೆ, ಬೀಜ. ಸಾರಿಗೆ ಹುಳಿ ಬರುವುದು ಆ ಲೋಳೆಯಿಂದಲೇ. ಅದನ್ನು ಹಿಂಡಿ ಬಿಸಾಡುವವರು ಹತ್ತು ರೂಪಾಯಿಯನ್ನೂ ಜೊತೆಗೆ ಬಿಸಾಡಿದ ಹಾಗೆ.

ಈಗ ಬೀಜದ ವಿಚಾರ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ತಳಿಯ ಹಣ್ಣು ಚಪ್ಪಟೆ ಗುಂಡು, ತೊಟ್ಟಿನ ಬಳಿ ತಿಳಿಹಸಿರು. ಬುಟ್ಟಿಯಲ್ಲಿಟ್ಟರೆ ಯಾರಾದರೂ ನಾಟಿ ಅಂತಲೇ ಕೊಳ್ಳುತ್ತಾರೆ. ಆದರೆ ಅದನ್ನು ಆರಿಸಿ ತೆಗೆದದ್ದು ಟಿಪ್ ಟಾಪ್ ಎಂಬ ಅಮೆರಿಕದ ತಳಿಯಿಂದ! ಬೀಜದ ಕಂಪನಿಗಳು ಹುಳಿ ಬಗೆಯಲ್ಲೂ ಹೈಬ್ರಿಡ್ ಬೀಜ, ಅಂದರೆ ಎರಡು ತಳಿ ಕೂಡಿಸಿ ತೆಗೆದ ಬೀಜ, ಮಾರುತ್ತವೆ. ಅಂದರೆ ನೀವು ತಂದ ನಾಟಿಯೇ ಹೈಬ್ರಿಡ್ ಆಗಿರಬಹುದು. ಅಂಥ ಹಣ್ಣಿನ ಬೀಜ ಒಣಗಿಸಿ ಕುಂಡದಲ್ಲಿ ಹಾಕಿದರೆ ಒಂದು ಗಿಡದಂತೆ ಇನ್ನೊಂದು ಬರುವುದಿಲ್ಲ. ಆಮೇಲೆ ಮಣ್ಣನ್ನು ಬೈಯಬೇಡಿ. ಟೊಮೆಟೊ ಬೆಳೆಯೇ ದಕ್ಷಿಣ ಅಮೆರಿಕದಿಂದ ಬಂದದ್ದು ಅನ್ನುವುದನ್ನು ಬಿಟ್ಟೇಬಿಡೋಣ. (ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯನ್ನು ನಾಟಿ ಕೋಳಿ ಅಂತ ತಿಂದು ಚಪ್ಪರಿಸುವವರಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ.)

ಔಷಧಿ ಮಾತು ಇನ್ನೂ ತಲೆಕೆಳಗು. ಎಲೆ ಮುದುಡು ರೋಗ ಹರಡುವ ಬಿಳಿ ನೊಣ ‘ಇದು ನಾಟಿ, ಪಾಪ’ ಅಂತ ಬಿಟ್ಟುಹೋಗುವುದಿಲ್ಲ. ಆ ರೋಗ, ಅಂಗಮಾರಿ ನಾಟಿಗೂ ಹೈಬ್ರಿಡ್ಡಿಗೂ ತಗಲುತ್ತವೆ. ಅದೇ ಹೆಸರಘಟ್ಟದ ಅರ್ಕಾ ರಕ್ಷಕ್ ಅಪ್ಪಟ ಹೈಬ್ರಿಡ್. ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವಂತೆ ಮಾಡಿದ್ದು. ಅದಕ್ಕೆ ಆ ರೋಗಗಳ ಲೆಕ್ಕದಲ್ಲಿ ಸಿಂಪಡಣೆ ಕಡಿಮೆ ಸಾಕು. ಔಷಧಿ ಎಷ್ಟು ಬಿದ್ದಿದೆ ಅನ್ನುವುದು ತಳಿಯ ಹೆಸರಿನಲ್ಲಿ ಇರುವುದಿಲ್ಲ, ಬೆಳೆದವರ ಕೈಯಲ್ಲಿರುತ್ತದೆ.

ಹಾಗಾದರೆ ನಾಟಿಗೆ ಬೆಲೆ ಜಾಸ್ತಿ ಯಾಕೆ? ಎಪಿಎಂಸಿ ಮಂಡಿಗೆ ಒಂದು ಬೆಳಿಗ್ಗೆ ಹೋಗಿ ನೋಡಿ. 15 ಕೆಜಿ ಬಾಕ್ಸುಗಳು ಒಂದರ ಮೇಲೊಂದು ಲಾರಿ ಹತ್ತುತ್ತಿರುತ್ತವೆ. ದೂರದೂರಿಗೆ ಹೋಗುವ ಮಾಲನ್ನು ದೋರೆಗಾಯಿ ಇರುವಾಗಲೇ ಕಿತ್ತಿರುತ್ತಾರೆ, ದಾರಿಯಲ್ಲಿ ಬಣ್ಣ ತಿರುಗಲಿ ಅಂತ. ತೆಳು ಸಿಪ್ಪೆಯ ನಾಟಿಯನ್ನು ಹಾಗೆ ಪೇರಿಸಿದರೆ ಉತ್ತರ ಭಾರತ ತಲುಪುವಷ್ಟರಲ್ಲಿ ಅಡಿಯ ಸಾಲು ಗೊಜ್ಜಾಗಿರುತ್ತದೆ. ಅದಕ್ಕೇ ರೈತರು ನಾಟಿಯನ್ನು ಕಡಿಮೆ ಹಾಕುತ್ತಾರೆ, ಬೆಳೆದದ್ದೂ ಹತ್ತಿರದ ಸಂತೆಗಳಲ್ಲೇ ಖರ್ಚಾಗಬೇಕು. ಕಿತ್ತ ಮೇಲೆ ಬೇಗ ಮೆತ್ತಗಾಗುತ್ತದೆ, ಮಾರುವವರಿಗೆ ಹಾಳು ಜಾಸ್ತಿ. ನೀವು ಕೊಡುವ ಹತ್ತು ರೂಪಾಯಿ ಈ ಹಾಳಿಗೆ, ಹುಳಿಗೆ. ತಿಳಿಸಾರು, ಬಸ್ಸಾರು ಮಾಡುವ ದಿನ ಧಾರಾಳವಾಗಿ ಕೊಡಿ. ಗೊಜ್ಜಿಗೆ, ಪಲ್ಯಕ್ಕೆ ಗಟ್ಟಿ ಹಣ್ಣೇ ಲೇಸು.

ಯಾರೂ ಕೇಳದ ಒಂದು ಮಾತು. ದೋರೆಗಾಯಿ ಸಿಕ್ಕರೆ ತಂದ ತಕ್ಷಣ ಫ್ರಿಜ್ಜಿಗೆ ತಳ್ಳಬೇಡಿ. ಅಲ್ಲಿಯ ಚಳಿಗೆ ಮಾಗುವುದು ನಿಂತು, ಆಮೇಲೆ ಹೊರಗಿಟ್ಟರೂ ರುಚಿ ಸರಿಯಾಗಿ ಕೂಡುವುದಿಲ್ಲ. ತೊಟ್ಟಿನ ಭಾಗ ಕೆಳಗೆ ಮಾಡಿ, ಒಂದಕ್ಕೊಂದು ಒತ್ತದಂತೆ, ಬಿಸಿಲು ತಾಗದ ಕಡೆ ಮೊರದಲ್ಲಿ ಹರಡಿ. ಪೂರ್ತಿ ಕೆಂಪಾದ ಮೇಲೆ ಬೇಕಿದ್ದರೆ ಒಳಗಿಡಿ.