ತಾತನ ಎಚ್‌ಎಂಟಿಯಲ್ಲಿ 17 ಕಲ್ಲಿದೆಯಂತೆ, ಎಷ್ಟು ಬೆಲೆ ಬಾಳುತ್ತದೆ?

ಪ್ರಶ್ನೆ: ತಾತನ ಬೀರುವಿನಲ್ಲಿ ಹಳೆಯ ಎಚ್‌ಎಂಟಿ ಜನತಾ ವಾಚು ಸಿಕ್ಕಿತು. ಡಯಲ್ ಮೇಲೆ 17 ಜ್ಯುವೆಲ್ಸ್ ಅಂತ ಇದೆ. ಒಳಗೆ 17 ಮಾಣಿಕ್ಯ ಇರುತ್ತದೆ ಅಂತ ಚಿಕ್ಕಪ್ಪ ಹೇಳುತ್ತಾರೆ. ಬೆಲೆ ಎಷ್ಟಾಗಬಹುದು?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ತಪ್ಪಿಹೋಗಿದೆ. ತಾತನ ಬದಲು ಮಾವ ಬರುತ್ತಾರೆ, ಜನತಾ ಬದಲು ಪೈಲಟ್ಟೋ ಸೋನಾನೋ ಬರುತ್ತದೆ. ಈ ಚಿಕ್ಕಪ್ಪ ಮಾತ್ರ ಎಲ್ಲರ ಮನೆಯಲ್ಲೂ ಇದ್ದಾರೆ. ಅದಕ್ಕೇ ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ.

ಮೊದಲು ಆ ಕಲ್ಲಿನ ಕಥೆ ಮುಗಿಸೋಣ. ಒಳಗೆ ಕಲ್ಲು ಇರುವುದು ನಿಜ. ಅದು ಮಾಣಿಕ್ಯ ಅನ್ನುವುದೂ ನಿಜವೇ. ಆದರೆ ಗಣಿಯಿಂದ ಅಗೆದು ತೆಗೆದ ಮಾಣಿಕ್ಯ ಅಲ್ಲ, ಕುಲುಮೆಯಲ್ಲಿ ಮಾಡಿದ್ದು. ಅಲ್ಯುಮಿನಾ ಪುಡಿಗೆ ಚೂರೇ ಚೂರು ಕ್ರೋಮಿಯಂ ಆಕ್ಸೈಡ್ ಬೆರೆಸಿ, 2000 ಡಿಗ್ರಿಗೂ ಮೀರಿದ ಉರಿಯಲ್ಲಿ ಕರಗಿಸಿ, ಹನಿ ಮೇಲೆ ಹನಿ ಕೂರಿಸಿ ಗಟ್ಟಿ ಮಾಡುತ್ತಾರೆ. ಫ್ರಾನ್ಸಿನ ಆಗುಸ್ತ್ ವರ್ನೂಯಿ 1902ರಲ್ಲೇ ಈ ವಿಧಾನ ತೋರಿಸಿಕೊಟ್ಟ. ಅದಕ್ಕೂ ಹಿಂದಿನ ವಾಚುಗಳಲ್ಲಿ ನಿಜವಾದ ಕಲ್ಲು ಹಾಕುತ್ತಿದ್ದರು, ಚಿಕ್ಕಪ್ಪನ ನಂಬಿಕೆಗೆ ಬೇರು ಅಲ್ಲೇ ಇರಬೇಕು. ಆದರೆ ಬೆಂಗಳೂರಿನಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ. ಅಷ್ಟು ಹೊತ್ತಿಗೆ ಈ ಕಲ್ಲು ರಾಶಿ ರಾಶಿ ತಯಾರಾಗುವ ಸರಕು.

ಹಾಗಾದರೆ ಯಾಕೆ ಹಾಕುತ್ತಾರೆ? ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದರಲ್ವಾ, ಅದೇ ಕಾರಣ. ವಾಚಿನ ಚಕ್ರದ ಅಚ್ಚಿನ ಉಕ್ಕಿನ ತುದಿ ಹಿತ್ತಾಳೆಯ ತೂತಿನಲ್ಲಿ ವರ್ಷಗಟ್ಟಲೆ ತಿರುಗಿದರೆ ತೂತು ಸವೆದು ಅಗಲವಾಗುತ್ತದೆ. ಕಲ್ಲಿನ ತೂತು ಹಾಗೆ ಸವೆಯುವುದಿಲ್ಲ, ಹಾಕಿದ ಒಂದು ಚುಕ್ಕಿ ಎಣ್ಣೆಯೂ ಅಲ್ಲೇ ನಿಲ್ಲುತ್ತದೆ. ಜನತಾ ಸೆಕೆಂಡಿಗೆ 5 ಸಲ ಟಿಕ್ ಅನ್ನುತ್ತದೆ. ದಿನಕ್ಕೆ 4,32,000 ಸಲ. (ಕಲಿಯುಗಕ್ಕೂ ಇಷ್ಟೇ ವರ್ಷ ಅಂತ ಪಂಚಾಂಗದವರು ಹೇಳುತ್ತಾರೆ, ಸುಮ್ನೆ ಕಾಕತಾಳೀಯ.)

ಎಣಿಸಿಯೇ ತೋರಿಸುತ್ತೇನೆ. ಅತ್ತಿತ್ತ ಓಲಾಡುವ ಬ್ಯಾಲೆನ್ಸ್ ಚಕ್ರಕ್ಕೆ ಮೇಲೊಂದು ಕೆಳಗೊಂದು ತೂತಿನ ಕಲ್ಲು, ಅವನ್ನು ಮುಚ್ಚಲು ತೂತಿಲ್ಲದ ಎರಡು, ಚಕ್ರದ ಅಡಿಯಲ್ಲಿ ತಳ್ಳುವ ಕಲ್ಲು ಒಂದು. 5 ಆಯಿತು. ಎಸ್ಕೇಪ್ ಚಕ್ರದ ಹಲ್ಲನ್ನು ತಡೆದು ತಡೆದು ಬಿಡುವ ಪ್ಯಾಲೆಟ್ ಕವಲಿನ ಎರಡು ತುದಿಗೆ ಎರಡು, ಅದರ ಅಚ್ಚಿಗೆ ಎರಡು, ಒಟ್ಟು 9. ಎಸ್ಕೇಪ್ ಚಕ್ರ, ನಾಲ್ಕನೇ ಚಕ್ರ, ಮೂರನೇ ಚಕ್ರ, ನಡುವಿನ ಚಕ್ರ ಇವಕ್ಕೆ ಎರಡೆರಡು. ಅಲ್ಲಿಗೆ 17. ಒಂದೂ ಆಭರಣವಲ್ಲ, ಎಲ್ಲವೂ ಬೇರಿಂಗಿನಂಥ ಕೆಲಸಗಾರರು.

ಕೆಟ್ಟುಹೋದ ಒಂದು ಯಂತ್ರದಿಂದ ನಾನೇ ಒಂದು ಕಲ್ಲು ಬಿಡಿಸಿ ಬಿಳಿ ಹಾಳೆಯ ಮೇಲಿಟ್ಟಿದ್ದೆ. ಸಾಸಿವೆ ಕಾಳಿಗಿಂತ ಚಿಕ್ಕದು, ತೆಳು ಗುಲಾಬಿ ಬಣ್ಣ, ನಡುವೆ ಕೂದಲು ತೂರುವಷ್ಟು ತೂತು. ಹೆಂಡತಿಗೆ ತೋರಿಸಲು ಕರೆದು, "ನೋಡು" ಅನ್ನುವಷ್ಟರಲ್ಲಿ ನನ್ನ ಉಸಿರಿಗೇ ಹಾರಿಹೋಯಿತು. ಅರ್ಧ ಗಂಟೆ ಟಾರ್ಚ್ ಹಿಡಿದು ನೆಲ ಹುಡುಕಿದೆವು, ಸಿಗಲಿಲ್ಲ. ಅದನ್ನು ಉಂಗುರಕ್ಕೆ ಕೂರಿಸುತ್ತೇನೆ ಅನ್ನುವವರಿಗೆ ನನ್ನ ನಮಸ್ಕಾರ.

ಇಷ್ಟು ಹೇಳಿದ ಮೇಲೆ ಚಿಕ್ಕಪ್ಪ ಪಟ್ಟು ಬದಲಿಸುತ್ತಾರೆ. "ಸರಿ, ಆದರೆ ಕಲ್ಲು ಜಾಸ್ತಿ ಇದ್ದಷ್ಟೂ ವಾಚು ಒಳ್ಳೆಯದು ತಾನೆ?" ಅದೂ ಅಲ್ಲ ಮಾರಾಯ್ರೇ. ಎಚ್‌ಎಂಟಿಯ ಕಾಂಚನ್‌ನಲ್ಲಿ 21 ಇರುವುದು ಅದು ಆಟೋಮ್ಯಾಟಿಕ್, ಅಂದರೆ ಕೈ ಆಡಿದಂತೆ ತಾನೇ ಕೀ ಸುತ್ತಿಕೊಳ್ಳುವಂಥದ್ದು ಆದ್ದರಿಂದ, ತಿರುಗುವ ಭಾಗಗಳೇ ಜಾಸ್ತಿ. 1960ರ ದಶಕದಲ್ಲಂತೂ ಜಪಾನಿನ ಓರಿಯೆಂಟ್ 100 ಕಲ್ಲಿನ ವಾಚೇ ಮಾರಿತ್ತು. ಅದರಲ್ಲಿ ಎಷ್ಟೋ ಕಲ್ಲುಗಳು ಎಣಿಕೆಗೆ ಇದ್ದವೇ ಹೊರತು ಕೆಲಸಕ್ಕಲ್ಲ. ಕೆಲಸ ಮಾಡುವ ಕಲ್ಲು ಯಾವುದು, ಸುಮ್ನೆ ಕೂತ ಕಲ್ಲು ಯಾವುದು ಅಂತ ಕೊನೆಗೆ ಅಂತರರಾಷ್ಟ್ರೀಯ ಮಾನದಂಡವನ್ನೇ ಬರೆಯಬೇಕಾಯಿತು.

ಈಗ ಬೆಲೆ. ಜನತಾ ಹೆಸರೇ ಹೇಳುವ ಹಾಗೆ ಜನರ ವಾಚು, ಲಕ್ಷಗಟ್ಟಲೆ ಮಾಡಿದ್ದಾರೆ. ಹಾಗಾಗಿ ಸಾವಿರಗಳ ಮಾತು, ಲಕ್ಷದ ಮಾತಲ್ಲ. ಆ ಸಾವಿರ ಒಂದೋ ನಾಲ್ಕೋ ಅನ್ನುವುದು ಬಹುಮಟ್ಟಿಗೆ ಡಯಲ್ ಮೇಲೆ ನಿಂತಿದೆ. ಫಳಫಳ ಹೊಳೆಯುವ ಡಯಲ್ ಕಂಡರೆ ಖುಷಿಪಡಬೇಡಿ, ಅನುಮಾನಪಡಿ. ಹಳೆಯ ಡಯಲ್ ಕೆರೆದು ಹೊಸ ಬಣ್ಣ ಹೊಡೆದು ಮಾರುವುದು ದೊಡ್ಡ ದಂಧೆ. ಭೂತಗನ್ನಡಿ ಹಿಡಿದು ಅಕ್ಷರ ನೋಡಿ. ಮೂಲದ ಅಚ್ಚು ತೆಳುವಾಗಿ, ಅಂಚು ಚೂಪಾಗಿ ಇರುತ್ತದೆ. ಬಣ್ಣ ಹೊಡೆದದ್ದರಲ್ಲಿ ಅಕ್ಷರ ದಪ್ಪ, ನಿಮಿಷದ ಗೆರೆಗೂ ಗಂಟೆಯ ಗುರುತಿಗೂ ಹೊಂದುವುದಿಲ್ಲ. ಪ್ಯಾರಾಶಾಕ್ ಅನ್ನುವ ಪದದ ಕಾಗುಣಿತವೇ ತಪ್ಪಿರುವ ಡಯಲ್ ನಾನು ನೋಡಿದ್ದೇನೆ. (ಆ ಪದ ಸಿಟಿಜನ್ ಕಡೆಯಿಂದ ಬಂದದ್ದು, ಬಿದ್ದರೆ ಪೆಟ್ಟು ತಡೆಯುವ ಏರ್ಪಾಟಿನ ಹೆಸರು.) ಮುಳ್ಳುಗಳ ಹೊಳಪು ಡಯಲ್‌ನಷ್ಟೇ ಹಳತಾಗಿದೆಯೇ, ನಿಮಿಷದ ಮುಳ್ಳು ನಿಮಿಷದ ಗೆರೆ ಮುಟ್ಟುತ್ತದೆಯೇ, ಅದನ್ನೂ ನೋಡಿ. ಯಂತ್ರದ ಮೇಲೂ ಎಚ್‌ಎಂಟಿ ಅಂತ ಕೊರೆದಿರಬೇಕು. ಹಿಂದಿನ ಮುಚ್ಚಳವನ್ನು ತರಕಾರಿ ಚಾಕುವಿನಲ್ಲಿ ಎಬ್ಬಿಸಬೇಡಿ. ನಾನು ಅಪ್ಪನ ವಾಚಿಗೆ ಹಾಗೆ ಮಾಡಿದ ಗೀರು ಇನ್ನೂ ಇದೆ.

ನಿಮ್ಮದು ಬೀರುವಿನಿಂದ ನೇರವಾಗಿ ಬಂದದ್ದು. ಡಯಲ್ ಹಳದಿಯಾಗಿದ್ದರೂ, ಅಲ್ಲಲ್ಲಿ ಚುಕ್ಕೆ ಬಿದ್ದಿದ್ದರೂ ಹಾಗೇ ಬಿಡಿ. ಪಾಲಿಶ್ ಬೇಡ.

ಕೀ ಕೊಡುವ ವಿಷಯ ನೀವು ಕೇಳಲಿಲ್ಲ, ಆದರೆ ಮುಂದಿನ ವಾರ ಕೇಳುತ್ತೀರಿ. "ಕೀ ಜಾಸ್ತಿ ಕೊಟ್ಟು ಕೆಟ್ಟುಹೋಯಿತು" ಅನ್ನುವುದು ಚಿಕ್ಕಪ್ಪನ ಎರಡನೇ ಕಥೆ. ಸ್ಪ್ರಿಂಗ್ ಪೂರ್ತಿ ಸುತ್ತಿಕೊಳ್ಳುವುದು ರೋಗವಲ್ಲ, ಅದಿರುವುದೇ ಅದಕ್ಕೆ. ಪೂರ್ತಿ ಕೀ ಇದ್ದೂ ವಾಚು ನಿಂತಿದ್ದರೆ ಸಾಮಾನ್ಯವಾಗಿ ಎಣ್ಣೆ ಒಣಗಿ ಅಂಟಾಗಿದೆ ಅಥವಾ ಕಸ ಕೂತಿದೆ ಅಂತ ಅರ್ಥ. ಇಷ್ಟು ವರ್ಷ ಬೀರುವಿನಲ್ಲಿದ್ದ ವಾಚನ್ನು ಅಲ್ಲಾಡಿಸಿ ಓಡಿಸಬೇಡಿ, ಒಣಗಿದ ಕಲ್ಲಿನಲ್ಲಿ ತಿರುಗಿ ಉಕ್ಕಿನ ತುದಿ ಸವೆಯುತ್ತದೆ. ಮೊದಲು ಬಿಚ್ಚಿ ತೊಳೆದು ಎಣ್ಣೆ ಹಾಕಿಸಿ. ಆಮೇಲೆ ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಟುಕೊಂಡು, ನಿಧಾನವಾಗಿ ಕೀ ಕೊಡಿ. ಬಿಗಿಯಾಯಿತು ಅಂತ ಬೆರಳಿಗೇ ತಿಳಿಯುತ್ತದೆ, ಅಲ್ಲಿ ನಿಲ್ಲಿಸಿ.